ಅವಳೆದುರಿಗೆ ಓದಿದ ಕಾಗದ

ಶಿಕಾರಿಪುರ
೧೬ ಸೆಪ್ಟೆಂಬರ್ ೨೦೨೪, ಸೋಮವಾರ

ಜಡೆ ಊರಿನ ಬೀಗಿತ್ತಿಯವರಾದ ಬಂಗಾರಮ್ಮನವರಿಗೆ ರಾಜೇಶ್ವರಮ್ಮ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕಾಗದ ಆರಂಭಿಸುವುದನ್ನು ನನ್ನ ಶಾಲೆಯ ಮಕ್ಕಳಿಗೆ ವರ್ಷವರ್ಷವೂ ಕಲಿಸಿದವಳು ನಾನು. ಇಂದು ಅದೇ ವಾಕ್ಯವನ್ನು ಬರೆಯಲು ಕುಳಿತರೆ ಕೈ ಮುಂದಕ್ಕೆ ಹೋಗಲಿಲ್ಲ. ನಿಮ್ಮ ಸೊಸೆ, ನನ್ನ ಮಗಳು ಕರುಣಾ ಬದುಕಿದ್ದಾಳೆ, ಹೊತ್ತಿಗೆ ಉಣ್ಣುತ್ತಾಳೆ, ಕೊಟ್ಟ ಮಾತ್ರೆಯನ್ನು ನುಂಗುತ್ತಾಳೆ. ಅಷ್ಟನ್ನು ಕ್ಷೇಮವೆಂದು ಕರೆಯುವುದಾದರೆ ಕ್ಷೇಮ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಳಿಯಂದಿರು ನನ್ನ ಹೆಸರು ಕಂಡ ಕೂಡಲೇ ಫೋನ್ ಇಟ್ಟುಬಿಡುತ್ತಾರೆ. ನೀವು ಎತ್ತಿದರೂ ಒಲೆ ಮೇಲೆ ಹಾಲಿದೆ, ಆಮೇಲೆ ಮಾಡುತ್ತೇನೆ ಎನ್ನುತ್ತೀರಿ. ಅಷ್ಟು ಹೊತ್ತು ಕಾಯುವ ಹಾಲನ್ನು ನಾನು ಕಂಡಿಲ್ಲ. ನೀವು ನಿಧಾನವಾಗಿ ಓದುತ್ತೀರೆಂದು ಕರುಣಾ ಹೇಳಿದ್ದರಿಂದ ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ದಯವಿಟ್ಟು ಇದನ್ನು ಇನ್ನೊಬ್ಬರಿಂದ ಓದಿಸಬೇಡಿ.

ಕೇಳಿಕೊಳ್ಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ವಾರ ಶುಕ್ರವಾರ, ಇಪ್ಪತ್ತೇಳರಂದು, ನಮ್ಮ ಮನೆಯಲ್ಲಿ ವೈದ್ಯರು ನಡೆಸುವ ಮಾತುಕತೆಯ ಸಭೆ ಇದೆ. ನೀವು ಬರಬೇಕು. ಬೀಗರನ್ನೂ ಕರೆತರಬೇಕು. ಬಂದು, ಕೂಸನ್ನು ಎಲ್ಲಿ ಮಣ್ಣು ಮಾಡಿದಿರಿ ಎಂಬುದನ್ನು ಕರುಣಾಳಿಗೆ ನಿಮ್ಮ ಬಾಯಿಂದಲೇ ಹೇಳಬೇಕು. ಅವಳು ಅದನ್ನು ಕೇಳುತ್ತಿರುವುದು ಇಂದು ನಿನ್ನೆಯಿಂದಲ್ಲ. ಇನ್ನು ಬಹಳ ದಿನ ಕೇಳುವಳೆಂಬ ಧೈರ್ಯ ನನಗಿಲ್ಲ.

ಈಗ ವಿವರವಾಗಿ ಬರೆಯುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಿಸಬೇಡಿ. ಒಂದೇ ಸಂಗತಿಯನ್ನು ನೀವೂ ನಾನೂ ಒಂದೇ ರೀತಿಯಲ್ಲಿ ಕಂಡಿದ್ದೇವೆಂಬ ನಂಬಿಕೆ ಈ ಮೂರು ತಿಂಗಳಲ್ಲಿ ನನಗೆ ಹೋಗಿದೆ.

ಚೊಚ್ಚಲ ಹೆರಿಗೆ ತವರಿನದೆಂದು ಅವಳನ್ನು ನಾನೇ ಕರೆತಂದೆ. ಮಾಘ ಮಾಸದಲ್ಲಿ ಆಪರೇಷನ್ ಮಾಡಿ ಹೆಣ್ಣು ಕೂಸನ್ನು ತೆಗೆದರು. ಕೂಸಿನ ಹೃದಯದಲ್ಲಿ ಹುಟ್ಟುವಾಗಲೇ ದೋಷವಿತ್ತು, ಕರುಣಾ ಕಣ್ಣು ಬಿಡುವ ಮೊದಲೇ ಅದನ್ನು ಒಳಗಿನ ಗಾಜಿನ ಪೆಟ್ಟಿಗೆಗೆ ಒಯ್ದರು. ಆಸ್ಪತ್ರೆಯವರಿಂದಾಗಲಿ ನಮ್ಮಿಂದಾಗಲಿ ಏನೂ ಕೊರತೆಯಾಗಲಿಲ್ಲ. ಎರಡನೆಯ ದಿನ ಅದು ಹೋಯಿತು. ಅಷ್ಟು ಹೊತ್ತಿಗೆ ನೀವೂ ಬೀಗರಾದ ಕೆಂಪಪ್ಪನವರೂ ಅವರ ತಮ್ಮ ಭೀಮಣ್ಣನವರೂ ಜಡೆಯಿಂದ ಬಂದಿದ್ದಿರಿ. ನಿಮ್ಮ ಮನೆಯ ಕೂಸು, ನಿಮ್ಮ ಮಣ್ಣಿಗೇ ಸೇರಬೇಕೆಂದು ಬೀಗರು ಹೇಳಿದರು, ಅದು ಸರಿಯೇ. ನೀವು ವಾರ್ಡಿನ ಸ್ನಾನದ ಮನೆಯಲ್ಲಿ ಅದನ್ನು ಮೀಯಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿದಿರಿ. ತಾಯಿಗೆ ತೋರಿಸುವುದು ಬೇಡವೆಂದು ಹಿರಿಯರಲ್ಲಿ ತೀರ್ಮಾನವಾಯಿತು. ಕರುಣಾ ಪರದೆಯ ಆ ಕಡೆ ಮಂಪರಿನಲ್ಲಿದ್ದಳು. ಅವಳು ಎಚ್ಚೆತ್ತು ಕೇಳುವಷ್ಟರಲ್ಲಿ ನಿಮ್ಮ ಗಾಡಿ ಊರು ದಾಟಿತ್ತು. ಆ ದಿನವನ್ನು ಈಗ ಕೆದಕುವುದು ಈ ಕಾಗದದ ಉದ್ದೇಶವಲ್ಲ.

ಬಾಣಂತನದ ಮೂರು ತಿಂಗಳು ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರೆಯುತ್ತಿದ್ದಾಳೆಂದು ನಾನು ಸಮಾಧಾನಪಟ್ಟೆ. ಮೇ ತಿಂಗಳಲ್ಲಿ ಮಡಿಲು ತುಂಬಿ ನಿಮ್ಮಲ್ಲಿಗೆ ಕಳಿಸಿದೆ. ಅಲ್ಲಿ ಆದದ್ದನ್ನು ನನಗಿಂತ ನೀವೇ ಹೆಚ್ಚು ಬಲ್ಲಿರಿ. ಕೂಸು ಅಳುತ್ತಿದೆ ಎಂದು ಹಿತ್ತಿಲಲ್ಲಿ ಅಗೆದದ್ದು, ಆಮೇಲೆ ಗೊಬ್ಬರದ ಗುಂಡಿಯ ಬದಿಯಲ್ಲಿ, ಆಮೇಲೆ ಪಕ್ಕದವರ ಗದ್ದೆಯ ಬದುವಿನಲ್ಲಿ. ಕೊನೆಗೆ ಆ ಬೆಳಗ್ಗೆ ಕೆರೆಯಲ್ಲಿ ಎದೆಮಟ್ಟದ ನೀರಿಗೆ ಇಳಿದು ನಿಂತದ್ದು. ಎಮ್ಮೆ ಮೈತೊಳೆಯಲು ಬಂದವರು ಕಂಡು ಎಳೆದುಕೊಂಡು ಬರದಿದ್ದರೆ ಇಂದು ಈ ಕಾಗದದ ಅಗತ್ಯವೇ ಇರುತ್ತಿರಲಿಲ್ಲ.

ಅವಳನ್ನು ನೀವು ಕಟ್ಟಿಹಾಕಿದ್ದಿರಿ ಎಂದು ತಿಳಿದು ನಾನು ಬಸ್ಸಿನಲ್ಲಿ ಬರುವಾಗ ನಿಮ್ಮನ್ನು ಏನೇನು ಅನ್ನಬೇಕೆಂದು ವಾಕ್ಯಗಳನ್ನು ಕಟ್ಟಿಕೊಂಡು ಬಂದಿದ್ದೆ. ಬಂದು ನೋಡಿದರೆ ನಿಮ್ಮ ಹಳೆಯ ಸೀರೆಯನ್ನು ಸೀಳಿ, ಮೆತ್ತಗಿನ ಸೆರಗಿನ ಭಾಗದಿಂದಲೇ ಕೈಗಳನ್ನು ಕಟ್ಟಿ, ನೀವು ಅವಳ ಪಕ್ಕದಲ್ಲೇ ಊಟವಿಲ್ಲದೆ ಕುಳಿತಿದ್ದಿರಿ. ನಾನು ಕಟ್ಟಿಕೊಂಡು ಬಂದ ಒಂದು ವಾಕ್ಯವೂ ಉಪಯೋಗಕ್ಕೆ ಬರಲಿಲ್ಲ.

ಆಶಾ ಕಾರ್ಯಕರ್ತೆ ಸುದ್ದಿ ಮುಟ್ಟಿಸಿದ ಮರುದಿನವೇ ಆ ವೈದ್ಯೆ ಗಂಗಾಶ್ರೀ ಮತ್ತು ಅವರ ಜೊತೆಯ ಆಪ್ತಸಮಾಲೋಚಕಿ ಸಂಗೀತ ನಿಮ್ಮ ಮನೆಗೇ ಬಂದರು. ನನ್ನ ಕೊನೆಯ ತಂಡದ ಮಕ್ಕಳಷ್ಟೇ ವಯಸ್ಸಿನವರು. ಸೂಜಿ ಚುಚ್ಚಿ, ಚೀಟಿ ಬರೆದು ಹೋಗುವರೆಂದು ನಾವೆಲ್ಲ ಕಾದಿದ್ದೆವು. ಅವರು ಕಟ್ಟು ಬಿಚ್ಚಿಸಿದರು, ಜಮಖಾನೆ ಹಾಸಿರೆಂದರು, ಮನೆಯವರೆಲ್ಲ ಕುಳಿತುಕೊಳ್ಳಿ ಎಂದರು. ಈ ಹುಡುಗಿಯ ವಿಷಯ ಗೊತ್ತಿರುವ, ಇವಳ ಬಗ್ಗೆ ಚಿಂತೆ ಇರುವ ಎಲ್ಲರೂ ಒಂದೇ ಕಡೆ ಕೂತು ಮಾತಾಡಬೇಕು, ಔಷಧಿಯೂ ಬೇಕಾದಷ್ಟು ಇರುತ್ತದೆ, ಆದರೆ ಮುಂದೇನೆಂಬುದನ್ನು ನಾವಿಬ್ಬರೇ ತೀರ್ಮಾನಿಸುವುದಿಲ್ಲ ಎಂದರು. ಆಗ ನೀವು ಬಾಗಿಲಿಗೊರಗಿ ನಿಂತು ಆಡಿದ ಮಾತು ನನಗಿನ್ನೂ ನೆನಪಿದೆ.

"ಮಾತಾಡಿದ್ರೆ ಹೋಗೋ ರೋಗ ಆದ್ರೆ ಡಾಕ್ಟ್ರು ಯಾಕ್ರೀ ಬೇಕಿತ್ತು? ನಮ್ಮೂರ ಅರಳಿಕಟ್ಟೆ ಮೇಲೆ ಕೂರ್ಸಿದ್ರೆ ಸಾಕಿತ್ತು."

ಬೀಗರೂ ನಕ್ಕರು. ನಾನು ನಗಲಿಲ್ಲವಾದರೂ ಮನಸ್ಸಿನಲ್ಲಿ ನಿಮ್ಮ ಪರವಾಗಿಯೇ ಇದ್ದೆ. ವೈದ್ಯೆ ಸಿಟ್ಟಾಗಲಿಲ್ಲ. ಕಟ್ಟೆ ಮೇಲೆ ಕೂತವರು ಎದುರಿಗಿಲ್ಲದವರ ಬಗ್ಗೆ ಮಾತಾಡ್ತಾರಮ್ಮ, ಇಲ್ಲಿ ಅದೊಂದು ಮಾಡಂಗಿಲ್ಲ ಎಂದಷ್ಟೇ ಹೇಳಿದರು. ಕರುಣಾಳ ಬಗ್ಗೆ ಕರುಣಾ ಇಲ್ಲದಾಗ ಮಾತಾಡಬಾರದು. ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದಬಾರದು. ಇವೆರಡೇ ಅವರ ಕಟ್ಟಳೆ. ಎರಡನೆಯದು ಎಷ್ಟು ಕಠಿಣವೆಂದು ನನಗೆ ಆಗ ತಿಳಿಯಲಿಲ್ಲ.

ಅಳಿಯಂದಿರು ಹೊಸ್ತಿಲ ಮೇಲೆ, ಒಂದು ಕಾಲು ಹೊರಗಿಟ್ಟು ಕುಳಿತಿದ್ದರು. ಡೈರಿಗೆ ಹಾಲು ಅಳೆಯುವ ಹೊತ್ತಾಯಿತೆಂದು ಮತ್ತೆ ಮತ್ತೆ ಹೇಳಿದರು, ಆದರೆ ಏಳಲಿಲ್ಲ. ನಿಮ್ಮ ಮಗನನ್ನು ನಾನು ದೂರುವುದಿಲ್ಲ. ಅವರೂ ಆ ಕೂಸಿನ ತಂದೆ. ಅವರನ್ನು ನಮ್ಮಲ್ಲಿ ಯಾರು ಏನು ಕೇಳಿದೆವು? ಯಾರು ಮೊದಲು ಮಾತಾಡುತ್ತೀರಿ ಎಂದು ವೈದ್ಯೆ ಕೇಳಿದಾಗ ಬೀಗರು ಗಂಟಲು ಸರಿಪಡಿಸಿಕೊಂಡರು. ಅಷ್ಟರಲ್ಲಿ ಕರುಣಾ ತಲೆ ಎತ್ತಿ, ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ ಕೇಳಿದಳು.

"ನನ್ನ ಕೂಸನ್ನ ಎಲ್ಲಿ ಇಟ್ಟೀರಿ? ನನಗೆ ತೋರಿಸ್ದೆ ಒಯ್ರಿ ಅಂತ ಯಾರಂದ್ರು?"

ಅಷ್ಟು ದಿನ ಅವಳ ಮಾತಿಗೆ ತಲೆಬುಡವಿಲ್ಲವೆಂದು ನಾವು ಹೇಳಿಕೊಂಡು ಬಂದಿದ್ದೆವು. ಇದಕ್ಕೆ ತಲೆಯೂ ಇತ್ತು, ಬುಡವೂ ಇತ್ತು. ನೀವು ನನ್ನ ಮುಖವನ್ನೊಮ್ಮೆ ನೋಡಿದಿರಿ. ಆಮೇಲೆ ಹಿರೇರು ಅಂದ್ರು ಕಣವ್ವ ಎಂದು ಒಳಗೆ ಹೋದಿರಿ. ಹೊರಗೆ ಬರಲೇ ಇಲ್ಲ. ಅದೇ ನೀವು ಬಂದ ಮೊದಲ ಸಭೆ, ಕೊನೆಯ ಸಭೆಯೂ ಅದೇ ಆಯಿತು. ಎರಡು ದಿನ ಬಿಟ್ಟು ಅಳಿಯಂದಿರು ಅವಳನ್ನು ನನ್ನ ಮನೆಗೆ ತಂದು ಬಿಟ್ಟರು.

ಇನ್ನು ಮುಂದಿನದು ನಿಮಗೆ ತಿಳಿಯದ್ದು.

ಸಭೆಗಳು ಇಲ್ಲಿ ನಡೆಯುತ್ತಿವೆ. ನನ್ನ ಯಜಮಾನರು ತೀರಿಕೊಂಡ ಮೇಲೆ ಈ ನಡುಮನೆಯಲ್ಲಿ ಇಷ್ಟು ಜನ ಕುಳಿತದ್ದಿಲ್ಲ. ಒಂದು ಸಲ ಪಕ್ಕದ ಮನೆಯ ಮಾಳಮ್ಮನೂ ಬಂದು ಕುಳಿತಳು. ಕರುಣಾಳೇ ಅವಳನ್ನು ಕರೆದಿದ್ದಳು. ಎಷ್ಟೋ ಸಲ ಒಬ್ಬರೂ ಮಾತಾಡುವುದಿಲ್ಲ, ಗೋಡೆಯ ಗಡಿಯಾರ ಮಾತ್ರ ನಡೆಯುತ್ತದೆ. ವೈದ್ಯೆ ಅದನ್ನು ತುಂಬಲು ಅವಸರಪಡುವುದಿಲ್ಲ. ಇನ್ನೊಂದು ಪದ್ಧತಿಯಿದೆ, ಅದು ನನಗೆ ಮೊದಲಿಗೆ ಅವಿನಯವಾಗಿಯೇ ಕಂಡಿತು. ನಡುವೆ ಅವರಿಬ್ಬರೂ ಪರಸ್ಪರ ಮುಖ ತಿರುಗಿಸಿಕೊಂಡು, ನಾವು ಎದುರಿಗಿರುವಂತೆಯೇ, ನಮ್ಮ ಮಾತು ಕೇಳಿ ತಮಗೆ ಏನೆನಿಸಿತೆಂದು ಆಡಿಕೊಳ್ಳುತ್ತಾರೆ. ನಮ್ಮ ಬೆನ್ನ ಹಿಂದೆ ಆಡಬಹುದಾದದ್ದನ್ನು ನಮ್ಮ ಮುಂದೆಯೇ ಆಡುತ್ತಾರೆ. ಒಮ್ಮೆ ಸಂಗೀತ ಹೇಳಿದಳು, ಕೂಸು ಅಳೋದು ಕರುಣಾಗೆ ಕೇಳುತ್ತೆ ಅಂದಾಗ ನನಗೆ ಅನ್ನಿಸ್ತು, ಈ ಎರಡು ಮನೇಲಿ ಬೇರೆ ಯಾರಾದ್ರೂ ಅತ್ತಿದ್ದಾರಾ ಅಂತ. ವೈದ್ಯೆ ಸ್ವಲ್ಪ ಯೋಚಿಸಿ ನನಗೂ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದು ಎದುರಿಗೇ ಒಪ್ಪುವ ವೈದ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಶಿಕ್ಷಕಿಯಾಗಿ ನಾನಂತೂ ತರಗತಿಯಲ್ಲಿ ಆ ಮಾತನ್ನು ಎಂದೂ ಆಡಿದವಳಲ್ಲ.

ಜುಲೈ ತಿಂಗಳ ಒಂದು ಸಭೆಯಲ್ಲಿ ಕರುಣಾ ತಾನಾಗಿ ಆಸ್ಪತ್ರೆಯ ದಿನದ ಮಾತೆತ್ತಿದಳು. ಕೂಸು ಹೋದ ದಿನ ಮಳೆ ಬರುತ್ತಿತ್ತು, ಬಹಳ ಹತ್ತಿರದಲ್ಲೇ ಸುರಿಯುತ್ತಿತ್ತು, ಒಮ್ಮೆ ನಿಂತು ಮತ್ತೆ ಸುರಿಯಿತು ಎಂದಳು. ಧ್ವನಿ ಹಗುರವಾಗಿತ್ತು, ಮುಖದಲ್ಲಿ ಏನೋ ನೆನಪಾಗುತ್ತಿರುವ ಕಳೆ ಇತ್ತು. ಅದು ಮಾಘ ಮಾಸ, ಬಿರುಬಿಸಿಲು, ಮಳೆಯ ಹನಿಯೂ ಇರಲಿಲ್ಲ ಎಂದು ನಾನು ಹೇಳಿದೆ. ಹೇಳಬೇಕೆಂದು ಹೇಳಿದ್ದಲ್ಲ. ತಪ್ಪು ಉತ್ತರ ಕಿವಿಗೆ ಬಿದ್ದರೆ ಸರಿಯಾದದ್ದು ನನ್ನ ಬಾಯಿಂದ ತಾನಾಗಿ ಬರುತ್ತದೆ. ಕರುಣಾ ಬಾಯಿ ಮುಚ್ಚಿದಳು. ಶ್ರಾವಣ ಬಂದರೂ ಅವಳು ಒಂದು ಮಾತಾಡಲಿಲ್ಲ. ನೀರು ಬೇಕಾದರೆ ಲೋಟ ತೋರಿಸುತ್ತಿದ್ದಳು. ಅಂದು ವೈದ್ಯೆ ಹೊರಡುವ ಮುನ್ನ, ಕರುಣಾಳ ಎದುರಿಗೇ, ನನಗೆ ಹೇಳಿದ್ದು ಇದು.

"ಟೀಚರ್, ಅವತ್ತು ಮಳೆ ಬಂತೋ ಇಲ್ವೋ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ. ಅವಳಿಗೆ ಯಾವ ಮಳೆ ಕೇಳಿಸ್ತು ಅಂತ ಅವಳೊಬ್ಬಳೇ ಹೇಳ್ಬೇಕು. ಅದನ್ನ ನೀವು ಹೊಡೆದು ಹಾಕಿಬಿಟ್ರಿ."

ನನಗೆ ಕೋಪ ಬಂತು. ಇಷ್ಟು ವರ್ಷಗಳಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನ ತರಗತಿಯಲ್ಲಿ ನನಗೆ ಹೀಗೆ ಹೇಳಿದ್ದಿಲ್ಲ. ಆ ಕೋಪ ಇಳಿಯಲು ಬಹಳ ದಿನ ಹಿಡಿಯಿತು. ಈಗ ಸಭೆಗೆ ಕೂರುವಾಗ ಬಾಯಲ್ಲಿ ಒಂದು ಲವಂಗ ಇಟ್ಟುಕೊಳ್ಳುತ್ತೇನೆ. ತಿದ್ದಬೇಕೆನಿಸಿದಾಗ ಅದನ್ನು ಕಚ್ಚುತ್ತೇನೆ. ಹೇಗಿದೆಯೋ ನೋಡಿ ನನ್ನ ನಿವೃತ್ತಿ ಜೀವನ.

ಗೌರಿಹಬ್ಬದ ಹೊತ್ತಿಗೆ ಅವಳು ಮತ್ತೆ ಮಾತಾಡಿದಳು. ಅದೇ ಪ್ರಶ್ನೆಯನ್ನೇ ಕೇಳಿದಳು: ಎಲ್ಲಿ ಇಟ್ಟೀರಿ. ಅತ್ತೆ ಬಂದು ಹೇಳಿದರೆ ಸಾಕು, ನಾನು ಎಲ್ಲಿಯೂ ಅಗೆಯುವುದಿಲ್ಲ ಎಂದಳು. ಅತ್ತೆ ನನ್ನನ್ನು ಕಟ್ಟುವಾಗಲೂ ಹಗ್ಗ ತರಲಿಲ್ಲ, ಸೀರೆ ತಂದರು, ಅವರು ಹೇಳುತ್ತಾರೆ ಎಂದಳು. ಇದುವರೆಗೆ ನಿಮಗೆ ಆರು ಸಲ ಹೇಳಿಕಳಿಸಿದರೂ ನೀವು ಬರಲಿಲ್ಲ. ಕಳೆದ ವಾರ ನಾನು ಪೂಜೆಗೆ ಕುಳಿತಿದ್ದಾಗ ಅವಳು ಕಳೆ ತೆಗೆಯುವ ಕುರ್ಚಿಗಿಯನ್ನು ಚೀಲಕ್ಕೆ ಹಾಕಿಕೊಂಡು ನಿಮ್ಮೂರ ಕಡೆಗೆ ಹೊರಟ ಸೊರಬದ ಬಸ್ಸಿನಲ್ಲಿ ಹೋಗಿ ಕುಳಿತಿದ್ದಳು. ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ಫೋನ್ ಮಾಡಿ, ನಾನು ಹೋಗುವವರೆಗೂ ಬಸ್ಸು ನಿಲ್ಲಿಸಿಕೊಂಡಿದ್ದ. ಜನ ಬೈಯುತ್ತಿದ್ದರು. ಅವಳು ಇಳಿಯುವಾಗ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಅದೇ ನನಗೆ ಹೆದರಿಕೆ.

ಎಳೆಗೂಸನ್ನು ಹೂಳಿದ ಜಾಗವನ್ನು ತಾಯಿಗೆ ಹೇಳಿದರೆ ಮುಂದಿನ ಬಸಿರು ನಿಲ್ಲುವುದಿಲ್ಲವೆಂಬ ನಂಬಿಕೆ ನಿಮ್ಮ ಕಡೆ ಇದೆ; ನಮ್ಮ ಕಡೆಯೂ ಇದೆ. ನೀವು ಬಾರದಿರಲು ಅದೇ ಕಾರಣವೆಂದು ನಾನು ತಿಳಿದಿದ್ದೆ. ಆದರೆ ಆ ದಿನ, ಅವಳನ್ನು ಬಸ್ಸಿನಿಂದ ಇಳಿಸಿ ಮಾಳಮ್ಮನ ಜೊತೆ ಮನೆಗೆ ಕಳಿಸಿದ ಮೇಲೆ, ನಿಲ್ದಾಣದಲ್ಲೇ ಭೀಮಣ್ಣನವರು ಸಿಕ್ಕರು. ಮೋಟಾರಿನ ಬಿಡಿಭಾಗ ಕೊಳ್ಳಲು ಬಂದಿದ್ದರಂತೆ. ನನ್ನನ್ನು ಕಂಡು ತಪ್ಪಿಸಿಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ಟೀ ಅಂಗಡಿಯ ಹಿಂದೆ ನಿಂತು, ಟವೆಲ್ಲಿನಿಂದ ಮುಖ ಒರೆಸುತ್ತ ಹೇಳಿದರು.

"ಹೇಳ್ಬಾರ್ದು ಅಂತಲ್ಲ ಟೀಚರಮ್ಮ. ತೋರ್ಸಕೆ ಜಾಗನೇ ಇಲ್ಲ. ಮೇಲಿನ ಹಕ್ಕಲ ಹೊಲದಲ್ಲಿ ಮತ್ತಿಮರದ ಬುಡಕ್ಕೆ ನಾನೇ ಗುಂಡಿ ತೆಗ್ದಿದ್ದೆ, ಕಲ್ಲೂ ಇಟ್ಟಿದ್ದೆ. ಹಕ್ಕಲನ್ನ ಶುಂಠಿ ಬೆಳೆಯೋರಿಗೆ ಗುತ್ತಿಗೆ ಕೊಟ್ವಲ್ಲ, ನಾನು ಚಂದ್ರಗುತ್ತಿಗೆ ಹರಕೆ ತೀರ್ಸಕೆ ಹೋಗಿದ್ದೆ, ಬರದ್ರೊಳಗೆ ಜೆಸಿಬಿ ತಂದು ಮರನೂ ಕಿತ್ತು ಪೂರಾ ಸಮ ಮಾಡಿದ್ರು. ಅಣ್ಣಂಗೆ ಆವತ್ತಿಂದ ಸರಿ ನಿದ್ದೆ ಇಲ್ಲ. ಆ ಹುಡುಗಿ ಬಂದು ಎಲ್ಲಿ ಅಂದ್ರೆ ಏನ್ ತೋರ್ಸಣ? ಶುಂಠಿ ತೋರ್ಸಣಾ?"

ಅವರ ಮೇಲೆ ಕೋಪಿಸಿಕೊಳ್ಳಬೇಡಿ. ಅವರಾಗಿ ಹೇಳಲಿಲ್ಲ, ನಾನು ಹೇಳಿಸಿದೆ.

ಬಂಗಾರಮ್ಮನವರೇ, ಅಂದಿನಿಂದ ನಾನು ಈ ಸಂಗತಿಯನ್ನು ಹೊತ್ತುಕೊಂಡು ಅವಳೆದುರಿಗೆ ಓಡಾಡುತ್ತಿದ್ದೇನೆ. ತಟ್ಟೆಗೆ ಅನ್ನ ಹಾಕುವಾಗ ಅದು ನನ್ನ ಬಾಯಿಗೆ ಬರುತ್ತದೆ. ನಾನೇ ಹೇಳಿಬಿಡಬಹುದು, ಆದರೆ ನಾನು ಹೇಳಿದರೆ ಅದು ಕೇಳಿದ ಸುದ್ದಿಯಾಗುತ್ತದೆ, ಮಣ್ಣು ಹಾಕಿದವರ ಮಾತಾಗುವುದಿಲ್ಲ. ನೀವು ಬಂದು ಹೇಳಿ. ಜಾಗ ಗೊತ್ತಿದ್ದರೆ ಗೊತ್ತಿದೆ ಎನ್ನಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದನ್ನಾದರೂ ಅವಳ ಮುಖ ನೋಡಿಕೊಂಡು ಹೇಳಿ. ಬೀಗರಿಗೆ ಹೇಳಿ, ಯಾರೂ ಅವರನ್ನು ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ. ಆ ಸಭೆಯಲ್ಲಿ ತಪ್ಪು ಹುಡುಕುವ ಅಭ್ಯಾಸ ಇದ್ದದ್ದು ನನಗೊಬ್ಬಳಿಗೇ. ನಾನು ಲವಂಗ ಕಚ್ಚಿಕೊಂಡಿರುತ್ತೇನೆ.

ನೀವು ಯಾಕೆ ಬರುತ್ತಿಲ್ಲವೆಂಬುದಕ್ಕೆ ಇನ್ನೂ ಬೇರೆ ಕಾರಣ ಇರಬಹುದು. ಇದ್ದರೂ ಅದನ್ನು ಈಗ ಬದಿಗಿಟ್ಟು ಬನ್ನಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಕರುಣಾಳಿಗೆ ತಿಳಿಯದಂತೆ ಇದನ್ನು ಬರೆದಿದ್ದೇನೆ. ವೈದ್ಯೆಯ ಕಟ್ಟಳೆ ಸಭೆಗೇ ಹೊರತು ಕಾಗದಕ್ಕಲ್ಲವೆಂದು ನನ್ನ ತಿಳುವಳಿಕೆ.

೧೮ ಸೆಪ್ಟೆಂಬರ್, ಬುಧವಾರ

ಕಾಗದವನ್ನು ನಿನ್ನೆಯೇ ಅಂಚೆಗೆ ಹಾಕಬೇಕಾಗಿತ್ತು. ಹಾಕಲಿಲ್ಲ.

ಮಾತ್ರೆ ಕೊಡಲು ಸಂಗೀತ ಬಂದಿದ್ದಳು. ಲಕೋಟೆಯ ಮೇಲಿನ ಹೆಸರನ್ನು ಕಂಡು, ಓದಿ ತೋರಿಸಿದ್ದೀರಾ ಟೀಚರ್, ಕರುಣಾಗೆ ಎಂದಳು. ಇಲ್ಲವೆಂದೆ. ಹಾಗಾದರೆ ಇದೂ ಆ ಕಟ್ಟೆ ಮೇಲಿನ ಮಾತೇ ಆಯ್ತಲ್ಲ ಎಂದಳು. ನಿಮ್ಮ ಮಾತನ್ನೇ ಹಿಡಿದು ನನ್ನನ್ನು ಹೊಡೆದಳು ನೋಡಿ. ಓದಲೇಬೇಕೆಂದು ಅವಳು ಹೇಳಲಿಲ್ಲ. ಓದುವುದಾದರೆ ನಾನೊಬ್ಬಳೇ ಇರುವಾಗ ಬೇಡ, ತಾನೂ ಮಾಳಮ್ಮನೂ ಇರುವಾಗ ಓದಿ ಎಂದಳು. ಅವಳು ಹೋದ ಮೇಲೆ ಒಂದು ಇಡೀ ದಿನ ನಾನು ಆ ಲಕೋಟೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಡುತ್ತಿದ್ದೆ. ಹರಿದು ಹಾಕಿ, ನಾಲ್ಕು ಸಾಲಿನ ಆಹ್ವಾನ ಬರೆದರೆ ಸಾಕಲ್ಲವೇ ಎಂದೂ ಯೋಚಿಸಿದೆ. ಆದರೆ ನಾಲ್ಕು ಸಾಲಿಗೆ ನೀವು ಬರುವುದಿಲ್ಲ, ಅದು ನನಗೆ ಗೊತ್ತಿತ್ತು.

ಇಂದು ಬೆಳಗ್ಗೆ ಅವರಿಬ್ಬರನ್ನೂ ಕೂರಿಸಿಕೊಂಡು ಕರುಣಾಳಿಗೆ ಓದಿದೆ. ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ. ಆಸ್ಪತ್ರೆಯ ಭಾಗಕ್ಕೆ ಬಂದಾಗ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಶುಂಠಿಯ ಭಾಗವನ್ನು ಇನ್ನೊಮ್ಮೆ ಓದು ಎಂದಳು. ಓದಿದೆ. ಮಾಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಂಗೀತಳ ಕಣ್ಣಲ್ಲಿ ನೀರಿತ್ತು. ಅದನ್ನು ಅವಳು ಮರೆಮಾಡಲಿಲ್ಲ. ಕರುಣಾ ಅಳಲಿಲ್ಲ. ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ನಿಂತಳು. ಸಂಗೀತ ಅವಳ ಹಿಂದೆಯೇ ಹೋಗಿ ಪಕ್ಕದಲ್ಲಿ ನಿಂತಳು, ಕೈ ಹಿಡಿಯಲಿಲ್ಲ. ಕರುಣಾ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಶುಂಠಿ ಯಾವಾಗ ಕೀಳ್ತಾರವ್ವ?"

ನನಗೆ ಉತ್ತರ ಗೊತ್ತಿತ್ತು. ಪುಷ್ಯ ಮಾಘದ ಹೊತ್ತಿಗೆ ನೆಲವನ್ನೆಲ್ಲ ಮಗುಚಿ ಕೀಳುತ್ತಾರೆಂದು ನನಗೂ ಗೊತ್ತು, ನಿಮಗೂ ಗೊತ್ತು. ಹೇಳಿದ್ದು ಮಾತ್ರ ಮಾಳಮ್ಮ.

ಆಮೇಲೆ ಕರುಣಾ ಬಂದು ಕುಳಿತು, ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ತಾನೇ ಒಮ್ಮೆ ಓದಿದಳು. ಓದಿ ಪೆನ್ನು ಕೇಳಿದಳು. ನನ್ನ ಸಹಿಗೆ ಜಾಗ ಬಿಟ್ಟು, ಕೆಳಗೆ ಬರೆದಿದ್ದಾಳೆ. ಆದ್ದರಿಂದ ನನ್ನ ಮಾತನ್ನು ಇಲ್ಲಿಗೆ ಮುಗಿಸಬೇಕಾಗಿದೆ. ಮೊದಲು ಬರೆದ ಯಾವುದನ್ನೂ ಹೊಡೆದುಹಾಕಿಲ್ಲ. ಈಗ ಓದಿದರೆ ಕೆಲವನ್ನು ಹೊಡೆದುಹಾಕಬೇಕೆನಿಸುತ್ತದೆ.

ಶುಕ್ರವಾರ ಬೆಳಗಿನ ಬಸ್ಸಿಗೆ ಬಂದರೆ ಊಟ ನಮ್ಮಲ್ಲೇ.

ಇತಿ ತಮ್ಮ ಬೀಗಿತ್ತಿ,
ರಾಜೇಶ್ವರಮ್ಮ

ಮ.ಬ.:

ಅತ್ತೆ,

ಅವ್ವ ಬರೆದದ್ದರಲ್ಲಿ ಒಂದು ಬಿಟ್ಟುಹೋಗಿದೆ. ಹಿರೇರು ತೀರ್ಮಾನ ಮಾಡಿದ್ರು ಅಂತ ಇದೆ. ನನಗೆ ಆವತ್ತು ನಿದ್ದೆ ಬಂದಿರಲಿಲ್ಲ, ಕಣ್ಣು ಬಿಡೋಕೆ ಆಗ್ತಿರಲಿಲ್ಲ ಅಷ್ಟೆ. ಪರದೆ ಆಚೆ ನೀವು ಒಂದ್ಸಲ ತೋರ್ಸಿ ಬಿಡಣ ಟೀಚರಮ್ಮ ಅಂದ್ರಿ. ಎರಡು ಸಲ ಅಂದ್ರಿ. ಬೇಡ, ನೋಡಿದ್ರೆ ಅವಳು ಮರೆಯಲ್ಲ, ಒಯ್ದುಬಿಡ್ರಿ ಅಂದಿದ್ದು ಅವ್ವ.

ಅವ್ವನ ಬಾಯಿಂದ ಬರಲಿ ಅಂತ ಇಷ್ಟು ದಿನ ಕಾದೆ. ನೀವು ಅವ್ವನ ಮಾನ ಕಾಯೋಕೆ ಅಂತ ಬರದೆ ಇದ್ದೀರಿ. ಈಗ ನಾನೇ ಹೇಳಿಬಿಟ್ಟೆ, ಇನ್ನು ನೀವು ಬರಬಹುದು.

ಅವ್ವ ಹೇಳಿದ್ದು ಸರಿ, ಆವತ್ತು ಮಳೆ ಬಂದಿರಲಿಲ್ಲ. ಇವತ್ತು ಕಾಗದ ಕೇಳಿದ ಮೇಲೆ ಗೊತ್ತಾಯ್ತು. ಹತ್ತಿರದಲ್ಲೇ ಸುರೀತಿದ್ದದ್ದು, ನೀವು ನನ್ನ ಕೂಸಿಗೆ ನೀರು ಹಾಕ್ತಿದ್ರಿ. ಅದು ಹೇಗಿತ್ತು, ಕೂದಲು ಎಷ್ಟಿತ್ತು, ಶುಕ್ರವಾರ ಬಂದು ಹೇಳಿ. ಬಟ್ಟೆ ಸುತ್ತೋಕೆ ಮುಂಚೆ ಅದನ್ನ ಕಣ್ತುಂಬ ನೋಡಿದವರು ನೀವೊಬ್ಬರೇ, ಅವ್ವ ಅವತ್ತು ಮುಖ ತಿರುಗಿಸಿಕೊಂಡಿದ್ದಳು ಅಂತಾಳೆ.

ಶುಂಠಿ ಕೀಳೋ ದಿನ ನಾನು ಹಕ್ಕಲಲ್ಲಿ ಇರ್ತೀನಿ. ನೀವೂ ನನ್ನ ಪಕ್ಕ ನಿಲ್ಲಬೇಕು. ಮಾವಂಗೆ ನಿದ್ದೆ ಮಾಡೋಕೆ ಹೇಳಿ.

ಕರುಣಾ

ಮೇಲಿನ ಸಾಲುಗಳನ್ನು ನಾನು ತಿದ್ದಿಲ್ಲ.
ರಾ.